ಕಮೆಂಟ್ ಓದಿದ ಮೇಲೆ ಸುದ್ದಿಯೇ ಸುಳ್ಳು ಅನ್ನಿಸುವುದೇಕೆ?

ಪ್ರಶ್ನೆ: ಸುದ್ದಿ ಓದುವಾಗ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಕೆಳಗಿನ ಕಮೆಂಟುಗಳ ಮೇಲೆ ಕಣ್ಣಾಡಿಸಿದರೆ ‘ಇದು ಕಾಸು ಕೊಟ್ಟು ಬರೆಸಿದ್ದಿರಬೇಕು’ ಎಂಬ ಅನುಮಾನ ಶುರುವಾಗುತ್ತದೆ. ಸುದ್ದಿಯಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಹೀಗೇಕೆ?

ಉತ್ತರ: ಇದು ನಿಮ್ಮೊಬ್ಬರ ಪಾಡಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೊಮಿನಿಕ್ ಬ್ರೊಸಾರ್ಡ್ ಮತ್ತು ಸಂಗಡಿಗರು ಇಂಥದ್ದನ್ನೇ ಪರೀಕ್ಷೆಗೆ ಒಡ್ಡಿದ್ದರು. ಆರಿಸಿಕೊಂಡ ವಿಷಯ ನ್ಯಾನೊ ಬೆಳ್ಳಿ. ಬ್ಯಾಕ್ಟೀರಿಯಾ ಕೊಲ್ಲಲೆಂದು ಬಟ್ಟೆಬರೆಗಳಲ್ಲಿ ಸೇರಿಸುವ ಅತಿಸೂಕ್ಷ್ಮ ಬೆಳ್ಳಿಕಣ ಅದು. ಹೆಚ್ಚಿನವರಿಗೆ ಅದರ ಬಗ್ಗೆ ಗಟ್ಟಿ ಅಭಿಪ್ರಾಯವೇ ಇರುವುದಿಲ್ಲ. ಸಾವಿರಕ್ಕೂ ಹೆಚ್ಚು ಜನರಿಗೆ ಒಂದೇ ಲೇಖನ ಕೊಟ್ಟರು. ಕೆಲವರಿಗೆ ಕಂಡದ್ದು ಸಭ್ಯ ಕಮೆಂಟುಗಳು, ಉಳಿದವರಿಗೆ ಬೈಗುಳ ಬೆರೆತವು. ಬೈಗುಳ ಓದಿದವರಲ್ಲಿ, ಮೊದಲೇ ಆ ತಂತ್ರಜ್ಞಾನದ ಪರ ಇದ್ದವರಿಗೆ ಅಪಾಯ ಇನ್ನಷ್ಟು ಕಡಿಮೆ ಕಂಡಿತು, ಒಲವಿಲ್ಲದವರಿಗೆ ಇನ್ನಷ್ಟು ಹೆಚ್ಚು. ಬೈಗುಳದಲ್ಲಿ ಹೊಸ ಮಾಹಿತಿ ಏನೂ ಇರಲಿಲ್ಲ. ಕೆರಳಿದ ಮನಸ್ಸು ತನ್ನ ಹಳೆಯ ಪಕ್ಷಕ್ಕೆ ಸರಿದು ಕೂತಿತು, ಅಷ್ಟೇ.

1872ರಿಂದ ಬರುತ್ತಿದ್ದ ‘ಪಾಪ್ಯುಲರ್ ಸೈನ್ಸ್’ ಪತ್ರಿಕೆ 2013ರಲ್ಲಿ ಈ ಅಧ್ಯಯನವನ್ನೇ ಮುಂದಿಟ್ಟು ತನ್ನ ಜಾಲತಾಣದ ಕಮೆಂಟ್ ವಿಭಾಗಕ್ಕೆ ಬೀಗ ಹಾಕಿತು. ಮರುವರ್ಷ ರಾಯಿಟರ್ಸ್ ಕೂಡ ಸುದ್ದಿಗಳ ಕೆಳಗಿನ ಕಮೆಂಟ್ ನಿಲ್ಲಿಸಿತು. ಜಗಳವೇನೂ ನಿಲ್ಲಲಿಲ್ಲ, ಫೇಸ್‌ಬುಕ್ಕಿಗೆ ಮನೆ ಬದಲಾಯಿಸಿತು.

ಲೈಕುಗಳದ್ದು ಇನ್ನೊಂದು ಕಥೆ. 2013ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಬಂದ ಪ್ರಯೋಗವೊಂದರಲ್ಲಿ, ಆಗಷ್ಟೇ ಬಿದ್ದ ಕಮೆಂಟುಗಳಿಗೆ ಸಂಶೋಧಕರು ಕಣ್ಣುಮುಚ್ಚಿ ಒಂದೊಂದು ಮೆಚ್ಚುಗೆ ಒತ್ತಿದರು. ಆ ಒಂದೇ ಒಂದು ಮತದ ಬಲದಿಂದ ಅವುಗಳ ಅಂತಿಮ ಅಂಕ ಸರಾಸರಿ 25% ಏರಿತು. ಬೇರೆ ಕೆಲವು ಕಮೆಂಟುಗಳಿಗೆ ಹೀಗೇ ಸುಮ್ಮನೆ ಒತ್ತಿದ ಅಸಮ್ಮತಿಯನ್ನು ಮಾತ್ರ ಜನರೇ ಮೆಚ್ಚುಗೆ ಒತ್ತಿ ಸರಿಪಡಿಸಿಬಿಟ್ಟರು! ಹಾಗಾಗಿ ಸಾವಿರ ಲೈಕು ಕಂಡಾಗ ಸಾವಿರ ಜನ ಪರಿಶೀಲಿಸಿದ್ದಾರೆ ಎಂದುಕೊಳ್ಳಬೇಡಿ. ಅವರಲ್ಲಿ ಕೆಲವರು ಮುಂದಿದ್ದವರ ಹಿಂದೆ ಹೋದವರೂ ಇರಬಹುದು.

ಹಾಗಂತ ಎಲ್ಲ ಕಮೆಂಟೂ ಕಸವಲ್ಲ. ‘ಮಾರಿಕೊಂಡ ಮಾಧ್ಯಮ’ ಎಂಬುದನ್ನು ಯಾವ ಸುದ್ದಿಯ ಕೆಳಗೂ ಅಂಟಿಸಬಹುದು, ಅದನ್ನು ದಾಟಿ ಹೋಗಿ. ‘ಈ ಫೋಟೊ ನಮ್ಮೂರಿನದಲ್ಲ, ಹಳೇ ಪ್ರವಾಹದ್ದು’ ಎಂದು ಯಾರಾದರೂ ಬರೆದಿದ್ದರೆ ಅಲ್ಲಿ ನಿಲ್ಲಿ. ಅದನ್ನು ಹುಡುಕಿ ತಾಳೆ ನೋಡಬಹುದು.

ಓದದೆಯೇ, ತಲೆಬರಹ ನೋಡಿ ಕಮೆಂಟ್ ಹಾಕುವವರ ಕಾಟ ಎಲ್ಲ ಕಡೆಯೂ ಇದೆ. ಅದಕ್ಕೆ ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆಯ ತಂತ್ರಜ್ಞಾನ ವಿಭಾಗ 2017ರಲ್ಲಿ ಸೊಗಸಾದ ಉಪಾಯ ಮಾಡಿತು: ಕೆಲವು ಲೇಖನಗಳಲ್ಲಿ, ಲೇಖನದ ಬಗ್ಗೆಯೇ ಮೂರು ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟವರಿಗಷ್ಟೇ ಕಮೆಂಟ್ ಪೆಟ್ಟಿಗೆ ತೆರೆಯುತ್ತಿತ್ತು. ನಮ್ಮ ಪೇಜುಗಳಲ್ಲಿ ಇದನ್ನು ಜಾರಿಗೆ ತಂದರೆ ಎಷ್ಟು ಜನ ಉಳಿಯುತ್ತಾರೋ, ನೋಡುವ ಆಸೆ ನನಗಂತೂ ಇದೆ.