ಜೋರಾಗಿ ಕೂಗುವವರಿಗೆ ಮೊದಲು ದುಡ್ಡು ಕೊಡಬೇಡಿ

ಕೆಲಸ ಹೋದವರು ನನ್ನ ಮುಂದೆ ಬಂದು ಕೂತಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮೇಡಂ, ಕೈಗೆ ಬಂದ ದುಡ್ಡಲ್ಲಿ ಯಾವ ಸಾಲ ಮೊದಲು ತೀರಿಸಲಿ?" ನಾನು ಬ್ಯಾಂಕಿನಲ್ಲಿ 31 ವರ್ಷ ದುಡಿದು ನಿವೃತ್ತಿಯಾದವಳು. ಈಗ ವಾರಕ್ಕೆ ಎರಡು ದಿನ ಹೀಗೆ ಮನೆಮನೆಯ ಲೆಕ್ಕ ನೋಡಿಕೊಡುತ್ತೇನೆ. ಇಷ್ಟು ವರ್ಷ ಸಾಲ ವಸೂಲಿ ಮಾಡಿದವಳೇ ಹೀಗೆ ಹೇಳ್ತಾಳಲ್ಲ ಅಂತ ನಗಬೇಡಿ, ನನ್ನ ಉತ್ತರ ಇಷ್ಟೇ: ಸಾಲ ಆಮೇಲೆ, ಮೊದಲು ತಿಂಗಳುಗಳನ್ನು ಎಣಿಸಿ.

ಒಂದು ಮನೆಯ ಲೆಕ್ಕವನ್ನೇ ಬಿಚ್ಚಿಡುತ್ತೇನೆ. ಯಾರು ಅಂತ ಗೊತ್ತಾಗದ ಹಾಗೆ ಅಂಕಿಗಳನ್ನು ಅಲ್ಪಸ್ವಲ್ಪ ಬದಲಿಸಿದ್ದೇನೆ. ಗಂಡ ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಸೂಪರ್‌ವೈಸರ್, 14 ವರ್ಷದ ಸರ್ವೀಸು, ಕೈಗೆ 41,000 ಸಂಬಳ. ಹೆಂಡತಿ ಮನೆಯಲ್ಲಿ. ಮಗಳು ಮೊದಲ ಪಿಯುಸಿ, ಮಗ ಆರನೇ ಕ್ಲಾಸು, ಜೊತೆಗೆ ಬಿಪಿ ಶುಗರ್ ಇರುವ ಗಂಡನ ಅಮ್ಮ. ಆರ್ಡರ್ ಇಲ್ಲ ಅಂತ ಕಾರ್ಖಾನೆ ಒಂದು ಶಿಫ್ಟನ್ನೇ ನಿಲ್ಲಿಸಿತು. ಆತನಿಗೆ ಒಂದು ತಿಂಗಳ ನೋಟಿಸ್ ಸಂಬಳ ಮತ್ತು ಗ್ರ್ಯಾಚುಟಿ, ಅಂದರೆ ಇಷ್ಟು ವರ್ಷ ದುಡಿದದ್ದಕ್ಕೆ ಕೊಡುವ ಇಡುಗಂಟು, ಸಿಕ್ಕಿತು. ಗ್ರ್ಯಾಚುಟಿ ಲೆಕ್ಕ ಸುಲಭ, ಆದರೂ ಹೆಚ್ಚಿನವರು ಹಾಕಿ ನೋಡುವುದಿಲ್ಲ. ಕೊನೆಯ ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸರ್ವೀಸಿನ ವರ್ಷಗಳಿಂದ ಗುಣಿಸಿ. ಇವರದು ಬೇಸಿಕ್ ಡಿಎ ಸೇರಿ 22,000 ಇತ್ತು, ಹಾಗಾಗಿ ಸುಮಾರು 1,77,700. ಎಲ್ಲ ಸೇರಿ ಕೈಯಲ್ಲಿ 2,18,700.

ಅಷ್ಟು ದುಡ್ಡನ್ನು ಒಟ್ಟಿಗೆ ಅವರು ಯಾವತ್ತೂ ನೋಡಿರಲಿಲ್ಲ. ಅಪಾಯ ಇರೋದೇ ಅಲ್ಲಿ. ಬಾಮೈದ ಆಗಲೇ ಒಂದು ಸೆಕೆಂಡ್ ಹ್ಯಾಂಡ್ ಗೂಡ್ಸ್ ಆಟೋ ನೋಡಿಟ್ಟಿದ್ದ. ಕ್ರೆಡಿಟ್ ಕಾರ್ಡಿನವರು ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು. ಬೈಕ್ ಲೋನ್ ಒಂದೇ ಸಲಕ್ಕೆ ಮುಗಿಸಿಬಿಟ್ಟರೆ ತಲೆನೋವು ಹೋಗುತ್ತೆ ಅಂತ ಇವರಿಗೇ ಅನಿಸಿತ್ತು.

ಒಂದು ಹಾಳೆ ಕೊಟ್ಟು ತಿಂಗಳ ಖರ್ಚು ಬರೆಯಿರಿ ಅಂದೆ. ಬಾಡಿಗೆ 12,000. ರೇಷನ್ ಸಾಮಾನು 7,500. ಹಾಲು ತರಕಾರಿ 4,500. ಗ್ಯಾಸು, ನೀರು, ಮೊಬೈಲು, ಇಂಟರ್ನೆಟ್ 3,000. ಮಗಳ ಕಾಲೇಜು ವ್ಯಾನು 2,000. ಅಮ್ಮನ ಮಾತ್ರೆ 1,800. ಬೈಕ್ ಕಂತು 3,800. ಚೀಟಿ 5,000. ಇಷ್ಟು ಬರೆದು ಪೆನ್ನು ಕೆಳಗಿಟ್ಟರು. ಕಾರ್ಡಿಗೆ ಎಷ್ಟು ಕಟ್ತೀರಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಮಿನಿಮಮ್ ಮಾತ್ರ, 3,400" ಅಂದರು. ಒಟ್ಟು ಬಾಕಿ 68,000. ಪಕ್ಕದಲ್ಲಿದ್ದ ಹೆಂಡತಿ ತಿರುಗಿ ಗಂಡನ ಮುಖವನ್ನೇ ನೋಡಿದರು, ಆಕೆಗೆ ಕಾರ್ಡ್ ಇರುವುದು ಗೊತ್ತಿತ್ತು, ಬಾಕಿ ಗೊತ್ತಿರಲಿಲ್ಲ. ಆಮೇಲೆ ತಮ್ಮ ಪರ್ಸಿನಿಂದ ಮಡಚಿದ ಒಂದು ಕ್ಯಾಲೆಂಡರ್ ಹಾಳೆ ತೆಗೆದರು. ಹಾಲಿನ ಲೆಕ್ಕದ ಗೀಟುಗಳ ನಡುವೆ ಪ್ರತಿ ಗುರುವಾರದ ಮೇಲೆ ಪೆನ್ಸಿಲ್ಲಿನಲ್ಲಿ ಚಿಕ್ಕದೊಂದು ಸೊನ್ನೆ. "ಸಂಘದ ಕಂತು ಮೇಡಂ, ವಾರಕ್ಕೆ 450." ಈ ಸಲ ಮುಖ ನೋಡುವ ಸರದಿ ಗಂಡನದು.

ಕೂಡಿಸಿದರೆ 44,800. ಸಂಬಳ 41,000. ಅಂದರೆ ಕೆಲಸ ಇದ್ದಾಗಲೇ ತಿಂಗಳಿಗೆ 3,800 ಕಮ್ಮಿ ಬೀಳುತ್ತಿತ್ತು, ಆ ತೂತನ್ನು ಗಂಡ ಕಾರ್ಡಿನಿಂದ, ಹೆಂಡತಿ ಸಂಘದ ಸಾಲದಿಂದ, ಒಬ್ಬರಿಗೊಬ್ಬರು ಹೇಳದೆ ಮುಚ್ಚುತ್ತಾ ಬಂದಿದ್ದರು. ಇದು ಅಪರೂಪ ಅಂದುಕೊಳ್ಳಬೇಡಿ, ನನ್ನ ಹತ್ತಿರ ಬರುವ ಮನೆಗಳಲ್ಲಿ ಹೀಗೆ ಎರಡೂ ಕಡೆ ಮುಚ್ಚಿಟ್ಟ ಲೆಕ್ಕ ತುಂಬಾ ನೋಡಿದ್ದೇನೆ. ಅದಕ್ಕೇ ಒಬ್ಬರೇ ಬಂದರೆ ನಾನು ವಾಪಸ್ ಕಳಿಸುತ್ತೇನೆ. ಇಬ್ಬರೂ ಬರಬೇಕು.

ಇದೇ ಖರ್ಚಿನಲ್ಲಿ ಮುಂದುವರಿದರೆ 2,18,700 ಐದು ತಿಂಗಳೂ ಬರುವುದಿಲ್ಲ. ನಾನು ಎಣಿಸಿ ಅಂದಿದ್ದು ಈ ತಿಂಗಳುಗಳನ್ನೇ.

ಇನ್ನು ಯಾರಿಗೆ ಮೊದಲು ಕೊಡಬೇಕು ಅನ್ನುವ ವಿಷಯ. ನಾವು ಸಾಮಾನ್ಯವಾಗಿ ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಮೊದಲು ಕೊಡುತ್ತೇವೆ. ಕಾರ್ಡಿನ ಕಾಲ್ ಸೆಂಟರ್ ಕೂಗುತ್ತೆ, ಕೈಸಾಲ ಕೊಟ್ಟ ನೆಂಟರು ಕೂಗುತ್ತಾರೆ. ಅಮ್ಮನ ಶುಗರ್ ಮಾತ್ರೆ ಕೂಗುವುದಿಲ್ಲ. ಹೆಲ್ತ್ ಇನ್ಶೂರೆನ್ಸ್ ಒಂದು ಮೆಸೇಜ್ ಕಳಿಸಿ ಸುಮ್ಮನಾಗುತ್ತೆ. ಒಳ್ಳೆಯ ಮನೆ ಓನರ್ ಇದ್ದರೆ ಅವರೂ "ಮುಂದಿನ ತಿಂಗಳು ಕೊಡಿ ಪರವಾಗಿಲ್ಲ" ಅನ್ನುತ್ತಾರೆ. ಹೀಗೆ ಕೂಗದವರೆಲ್ಲ ಹಿಂದೆ ಬೀಳುತ್ತಾರೆ. ನಾನು ಕೇಳುವುದು ಒಂದೇ: ಇದನ್ನು ಎರಡು ತಿಂಗಳು ಕಟ್ಟದಿದ್ದರೆ ಏನಾಗುತ್ತೆ, ಆದದ್ದನ್ನು ಆಮೇಲೆ ಸರಿಮಾಡಲು ಆಗುತ್ತಾ? ಕಾರ್ಡ್ ತಪ್ಪಿದರೆ ದಂಡ, ಬಡ್ಡಿ, ಮುಂದೆ ಸಾಲ ಕೊಡುವವರು ನೋಡುವ ಸಿಬಿಲ್ ಸ್ಕೋರ್ ಇಳಿಯುತ್ತೆ. ಬೇಜಾರಿನ ವಿಷಯವೇ, ಆದರೆ ಸರಿಮಾಡಬಹುದು. ಇನ್ಶೂರೆನ್ಸ್ ಬಿಟ್ಟಿರುವ ತಿಂಗಳಲ್ಲೇ ಅಮ್ಮ ಆಸ್ಪತ್ರೆ ಸೇರಿದರೆ ಸರಿಮಾಡಲು ಏನೂ ಉಳಿದಿರುವುದಿಲ್ಲ.

ಇನ್ಶೂರೆನ್ಸ್ ಅಂದೆನಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ಕಂಪನಿ ಕೊಟ್ಟ ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತೆ. ಬಾಗಿಲು ದಾಟುವ ಮೊದಲೇ ಎಚ್‌ಆರ್ ಹತ್ತಿರ ಹೋಗಿ, ಅದೇ ಇನ್ಶೂರೆನ್ಸ್ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದಾ ಅಂತ ಕೇಳಿ. ಹಾಗೆ ಬದಲಾಯಿಸಿಕೊಂಡರೆ ಹಳೆಯ ಕಾಯಿಲೆಗಳ ಖರ್ಚು ಪಾಲಿಸಿಯಿಂದ ಸಿಗಲು ಕಾಯಬೇಕಾದ ಅವಧಿಯಲ್ಲಿ ನೀವು ಈಗಾಗಲೇ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಹೊಸದಾಗಿ ಪಾಲಿಸಿ ಮಾಡಿಸಿದರೆ ಮತ್ತೆ ಒಂದರಿಂದ ಶುರು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದವರ ದಾರಿ ಬೇರೆ. 2018ರಲ್ಲಿ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಕೆಲಸ ಹೋದವರಿಗೆ 2020ರಿಂದ ಸರಾಸರಿ ದಿನಗೂಲಿಯ ಅರ್ಧದಷ್ಟು ಗರಿಷ್ಠ 90 ದಿನ ಕೊಡುತ್ತಾ ಬಂದಿದ್ದಾರೆ, ಅದರ ಅವಧಿಯನ್ನು ಆಗಾಗ ವಿಸ್ತರಿಸುತ್ತಾರೆ. ಇಎಸ್‌ಐ ಶಾಖೆಗೆ ಹೋಗಿ ಕೇಳಿ, ಅವರಾಗಿ ಕರೆದು ಕೊಡುವುದಿಲ್ಲ.

ಕಾರ್ಡ್ ಆಮೇಲೆ ಅಂದೆ, ಆದರೆ ಅದನ್ನು ಹಾಗೇ ಬಿಡಲೂ ಆಗುವುದಿಲ್ಲ. ಇವರ ಕಾರ್ಡಿಗೆ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ. ಸಂತೆಯಲ್ಲಿ ಯಾರಾದರೂ ಈ ಬಡ್ಡಿ ಕೇಳಿದ್ದರೆ ಇವರೇ ಬೈದು ಕಳಿಸುತ್ತಿದ್ದರು. 68,000ಕ್ಕೆ ಬಡ್ಡಿ 2,380, ಅದರ ಮೇಲೆ ಶೇ 18 ಜಿಎಸ್‌ಟಿ, ಸೇರಿ 2,800 ಚಿಲ್ಲರೆ. ಕಟ್ಟಿದ 3,400ರಲ್ಲಿ ಅಸಲಿಗೆ ಹೋಗುತ್ತಿದ್ದದ್ದು 600 ರೂಪಾಯಿಯೂ ಇಲ್ಲ.

ದಾರಿ ಸಿಕ್ಕಿದ್ದು ಚೀಟಿಯಲ್ಲಿ. ಒಂದು ಲಕ್ಷದ್ದು, 20 ತಿಂಗಳು, 12 ಕಂತು ಕಟ್ಟಿಯಾಗಿತ್ತು, ಇನ್ನೂ ಎತ್ತಿರಲಿಲ್ಲ. ಚೀಟಿ ಎತ್ತುವ ತನಕ ಅದು ನಿಮ್ಮ ಉಳಿತಾಯ, ಎತ್ತಿದ ಮೇಲೆ ಸಾಲ, ಈ ವ್ಯತ್ಯಾಸ ತುಂಬಾ ಜನ ಮರೆಯುತ್ತಾರೆ. ಆ ತಿಂಗಳೇ ಕೂಗಿ ಎತ್ತಿದರು, 88,000 ಬಂತು. ಕಾರ್ಡಿನ 68,000 ಪೂರ್ತಿ ಕಟ್ಟಿದರು, ಸಂಘದ ಬಾಕಿ 9,000 ತೀರಿಸಿದರು, 11,000 ಉಳಿಯಿತು. ಮುಂದಿನ ಎಂಟು ಕಂತು ಮಾತ್ರ ತಪ್ಪಿಸುವ ಹಾಗಿಲ್ಲ, ತಪ್ಪಿದರೆ ಜಾಮೀನು ಹಾಕಿದವರ ಕುತ್ತಿಗೆಗೆ ಬರುತ್ತೆ. ಇವರಿಗೆ ಜಾಮೀನು ಹಾಕಿದ್ದು ಆಟೋ ನೋಡಿಟ್ಟಿದ್ದ ಅದೇ ಬಾಮೈದ!

ಬೈಕ್ ಲೋನ್ ಮುಗಿಸಬೇಡಿ ಅಂದೆ. ಅದರ ಬಡ್ಡಿ ಕಾರ್ಡಿಗಿಂತ ಎಷ್ಟೋ ಕಮ್ಮಿ, ಸಂಬಳ ಇಲ್ಲದ ಮನೆಗೆ ಕೈಯಲ್ಲಿರುವ ನಗದು ದೊಡ್ಡದು. ಸಾಲ ತೀರಿಸಿ ನೆಮ್ಮದಿಯಾಗಿ, ಮೂರನೇ ತಿಂಗಳು ಅಕ್ಕಿಗೆ ಕೈಸಾಲ ಮಾಡಿದವರನ್ನು ನೋಡಿದ್ದೇನೆ.

ಇನ್ನು ಕಡಿತ. ದಯವಿಟ್ಟು ಅಡುಗೆಮನೆಯಿಂದ ಶುರು ಮಾಡಬೇಡಿ. ಹೆಂಗಸರು ಮೊದಲು ಕಡಿಯುವುದು ತಮ್ಮ ಲೋಟದ ಹಾಲನ್ನು, ತಮ್ಮ ಮಾತ್ರೆಯನ್ನು. ಅದರಿಂದ ಉಳಿಯುವುದು ಎಷ್ಟು, ಹೇಳಿ? ಇಲ್ಲಿ ದೊಡ್ಡದಾಗಿ ಇಳಿದದ್ದು ಕಾರ್ಡು ಮತ್ತು ಸಂಘದ ಕಂತು. ಮಗಳಿಗೆ ವಿಷಯ ಹೇಳಿದಾಗ ಅವಳೇ ವ್ಯಾನ್ ಬೇಡ ಅಂದಳಂತೆ, ಬಿಎಂಟಿಸಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಟಿಕೆಟ್ಟೇ ಇಲ್ಲ ಅಲ್ವಾ. ಅಮ್ಮನ ಮಾತ್ರೆಗಳನ್ನು ಡಾಕ್ಟರನ್ನು ಕೇಳಿ ಜನೌಷಧಿ ಕೇಂದ್ರದಿಂದ ತಂದರು, 1,800 ಇದ್ದದ್ದು 700ಕ್ಕೆ ಬಂತು. ಇಂಟರ್ನೆಟ್ ತೆಗೆಸಿದರು. ರೇಷನ್ನು 6,000, ಹಾಲು ತರಕಾರಿ 4,000. ಇನ್ಶೂರೆನ್ಸಿಗೆ ತಿಂಗಳಿಗೆ 1,500 ಎತ್ತಿಟ್ಟರು. ಎಲ್ಲ ಸೇರಿ 35,000. ಮಕ್ಕಳ ಆ ವರ್ಷದ ಫೀಸು ಆಗಲೇ ಕಟ್ಟಿಯಾಗಿತ್ತು, ಪುಣ್ಯ. ಈಗ ಕೈಯಲ್ಲಿದ್ದ 2,29,700 ಆರೂವರೆ ತಿಂಗಳಿಗೆ ಬರುತ್ತೆ. ಗೃಹಲಕ್ಷ್ಮಿಯ 2,000ವನ್ನು ಆದಾಯದಲ್ಲಿ ಬರೆಯಲು ನಾನು ಬಿಡಲಿಲ್ಲ. ಅದು ಹೇಳಿದ ತಾರೀಕಿಗೆ ಬರಲ್ಲ ಅಂತ ಎಲ್ಲರಿಗೂ ಗೊತ್ತು, ಬಂದ ತಿಂಗಳು ಸಂತೋಷ ಪಡಿ.

ಆ ದುಡ್ಡನ್ನು ಒಂದೇ ಉಳಿತಾಯ ಖಾತೆಯಲ್ಲಿ ಇಟ್ಟು ಎಟಿಎಂ ಕಾರ್ಡ್ ಜೇಬಿನಲ್ಲಿಟ್ಟುಕೊಂಡರೆ ಅದು ನಿಲ್ಲಲ್ಲ. ಮೊದಲ ತಿಂಗಳದ್ದು ಖಾತೆಯಲ್ಲೇ ಬಿಟ್ಟು, ಉಳಿದದ್ದಕ್ಕೆ 35,000ದ ಹಾಗೆ ಐದು ಚಿಕ್ಕ ಎಫ್‌ಡಿ ಮಾಡಿಸಿದೆ. ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು, ಹೀಗೆ. ಪ್ರತಿ ಒಂದನೇ ತಾರೀಕಿನ ಹೊತ್ತಿಗೆ ಒಂದೊಂದು ಮುಗಿದು ಖಾತೆಗೆ ಬೀಳುತ್ತೆ, ಸಂಬಳ ಬಂದ ಹಾಗೆ. ಚಿಲ್ಲರೆ ಉಳಿದದ್ದು ಆಸ್ಪತ್ರೆ ಗೀಸ್ಪತ್ರೆಗೆ. ಬಡ್ಡಿ ಆಸೆಗೆ ಮಾಡಿಸಿದ್ದಲ್ಲ, ಮುರಿಯಲು ಬ್ಯಾಂಕಿಗೆ ಹೋಗಬೇಕಲ್ಲ, ಆ ಸೋಮಾರಿತನವೇ ಕಾವಲು. ಬಾಮೈದನಿಗೂ "ಎಫ್‌ಡಿಯಲ್ಲಿದೆ ಕಣಪ್ಪ" ಅನ್ನಬಹುದು.

ಪಿಎಫ್ ಮುಟ್ಟಿಲ್ಲ. ಕೆಲಸ ಹೋದಾಗ ಅದರ ಮುಕ್ಕಾಲು ಭಾಗ ತೆಗೆಯಲು ಅವಕಾಶ ಇದೆ, ಆದರೆ 2024-25ಕ್ಕೆ ಶೇ 8.25 ಬಡ್ಡಿ ಕೊಟ್ಟ ದುಡ್ಡನ್ನು ಕೊನೆಗೇ ಮುಟ್ಟಬೇಕು. ಕಾಗದಪತ್ರ ಮಾತ್ರ ಈಗಲೇ ಸರಿಮಾಡಿಕೊಳ್ಳಿ. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನಿಷಿಯಲ್ ಸೇರಿಸಿ ಇನ್ನೊಂದು, ಇದೊಂದರಿಂದಲೇ ಎಷ್ಟೋ ಕ್ಲೈಮು ವಾಪಸ್ ಬರುತ್ತವೆ. ಹತ್ತು ವರ್ಷ ದಾಟಿದ ಸರ್ವೀಸಾದರೆ ಪಿಂಚಣಿಯ ಹಕ್ಕೂ ಅದರಲ್ಲಿದೆ.

ಬಾಡಿಗೆಯ ಬಗ್ಗೆ ಓನರ್‌ಗೆ ಮೊದಲೇ ಹೇಳಿಟ್ಟರು, ತೀರಾ ಕಷ್ಟವಾದರೆ ಎರಡು ತಿಂಗಳು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಅಂತ. ಕೇಳುವುದಕ್ಕೆ ನಾಚಿಕೆ ಯಾಕೆ, ಅದು ನಿಮ್ಮದೇ ದುಡ್ಡು. ವಸೂಲಿಯವರು ಫೋನ್ ಮಾಡುತ್ತಿದ್ದರೆ ಇದೂ ನೆನಪಿರಲಿ, ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಅವರು ಕರೆ ಮಾಡುವ ಹಾಗಿಲ್ಲ.

ನಾಲ್ಕು ತಿಂಗಳಾದ ಮೇಲೆ ನೆಲಮಂಗಲದ ಕಡೆ ಒಂದು ಕೆಲಸ ಸಿಕ್ಕಿತು, 29,000. ಬೇಡ ಅಂತಿದ್ದರು. 41 ತಗೊಂಡವನು 29ಕ್ಕೆ ಹೋಗೋದಾ ಅನ್ನುವ ಸಂಕಟ, ಅರ್ಥವಾಗುತ್ತೆ. ಆದರೆ ಅದನ್ನು ಹಳೆಯ ಸಂಬಳದ ಪಕ್ಕ ಇಟ್ಟು ನೋಡಬಾರದು, ಮನೆಯ 35,000ದ ಪಕ್ಕ ಇಟ್ಟು ನೋಡಬೇಕು. ಕಮ್ಮಿ ಬೀಳುವುದು ತಿಂಗಳಿಗೆ 6,000. ಕೈಯಲ್ಲಿ ಇನ್ನೂ 89,700 ಇತ್ತು. ನಾಲ್ಕು ತಿಂಗಳಲ್ಲಿ ಚೀಟಿ ಮುಗಿದರೆ ಕಮ್ಮಿ ಬೀಳುವುದು ಬರೀ 1,000. ಸೇರಿಕೊಂಡರು, ಬೇರೆ ಕಡೆ ಹುಡುಕುವುದನ್ನೂ ಬಿಟ್ಟಿಲ್ಲ.

ಹೋದ ವಾರ ಆಕೆ ಫೋನ್ ಮಾಡಿದ್ದರು. "ಮೇಡಂ, ಕಾರ್ಡು ಕತ್ತರಿಸಿ ಹಾಕಿಬಿಟ್ಟೆ." ಕತ್ತರಿಸಿದರೆ ಮುಚ್ಚಿದ ಹಾಗಲ್ಲಮ್ಮ, ವರ್ಷದ ಫೀಸು ಬರುತ್ತಲೇ ಇರುತ್ತೆ ಅಂದೆ. ಬ್ಯಾಂಕಿಗೆ ಬರೆದು ಕೊಡಿ, ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ಅವರೇ ನಿಮಗೆ ಕೊಡಬೇಕು. "ಹಂಗಾದ್ರೆ ಸ್ವಲ್ಪ ತಡ ಮಾಡ್ಲಿ ಬಿಡಿ" ಅಂತ ನಕ್ಕರು.