ಮರಿ ಬೆಳೆಯುತ್ತಿಲ್ಲವೇ? ಮೊದಲು ತಾಯಿಯನ್ನು ನೋಡಿ

"ಡಾಕ್ಟ್ರೇ, ಹಂದಿಮರಿ ಬೆಳೀತಿಲ್ಲ, ಒಳ್ಳೇ ಟಾನಿಕ್ ಬರೆದುಕೊಡಿ" ಎಂದು ಕೇಳುವವರು ಜಾಸ್ತಿ. ನಾನು ಮೊದಲು ತಾಯಿಯನ್ನು ನೋಡುತ್ತೇನೆ. ಅದು ಮರಿ ಹಾಕಿದ ದಿನ ಏನೇನಾಯಿತು ಎಂದು ಕೇಳುತ್ತೇನೆ. ಎರಡು ತಿಂಗಳ ಮರಿ ಸೊರಗಿದ್ದರೆ, ಎಷ್ಟೋ ಸಲ ಕಾರಣ ಆ ದಿನದಲ್ಲೇ ಸಿಗುತ್ತದೆ.

ಹಂದಿಮರಿಗೆ ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ರೋಗನಿರೋಧಕ ಶಕ್ತಿ ಬರುವುದಿಲ್ಲ. ಗಿಣ್ಣುಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಇರುವುದು ಸುಮಾರು 24 ಗಂಟೆ, ಅದೂ ಗಂಟೆಗಂಟೆಗೂ ಇಳಿಯುತ್ತಾ ಹೋಗುತ್ತದೆ. ಅಷ್ಟರೊಳಗೆ ಪ್ರತಿ ಮರಿಗೂ 200–250 ಮಿಲಿ ಗಿಣ್ಣು ಸಿಗಬೇಕು. ಗಟ್ಟಿ ಮರಿಗಳು ಒಳ್ಳೆಯ ಮೊಲೆ ಹಿಡಿದು ಬಿಡುವುದೇ ಇಲ್ಲ. ಹೊಟ್ಟೆ ತುಂಬಿದವನ್ನು ಒಂದು ಗಂಟೆ ಬೆಚ್ಚಗಿನ ಪೆಟ್ಟಿಗೆಯಲ್ಲಿಡಿ, ಸಣ್ಣವು ಕುಡಿಯಲಿ. ಖರ್ಚಿಲ್ಲದ ಈ ಕೆಲಸ ಯಾವ ಟಾನಿಕ್‌ಗಿಂತಲೂ ದೊಡ್ಡದು.

ಹೊಸ ಮರಿಗೆ 32ರಿಂದ 35 ಡಿಗ್ರಿ ಬಿಸಿ ಬೇಕು. ತಾಯಿಗೆ 20ರ ಆಸುಪಾಸು ಸಾಕು. ಇಡೀ ಶೆಡ್ ಬಿಸಿ ಮಾಡಿದರೆ ತಾಯಿ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಒಂದು ಮೂಲೆಗೆ ಮಾತ್ರ ಬಲ್ಬ್ ಹಾಕಿ. ಮರಿಗಳು ಒಂದರ ಮೇಲೊಂದು ಬಿದ್ದಿದ್ದರೆ ಚಳಿ ಎಂದರ್ಥ, ಬಲ್ಬಿನಿಂದ ದೂರ ಸರಿದಿದ್ದರೆ ಸೆಕೆ. ಚಳಿಯಾದ ಮರಿ ತಾಯಿಯ ಮೈಗೇ ಅಂಟಿಕೊಂಡು, ಅದರ ಅಡಿಗೆ ಸಿಕ್ಕಿ ಸಾಯುತ್ತದೆ. ನೋಡಲಾಗದ ಸಾವು ಅದು. ತಾಯಿಹಾಲಿನಲ್ಲಿ ಕಬ್ಬಿಣದಂಶ ಸಾಲದು, ಹಾಗಾಗಿ ಮೂರನೇ ದಿನದ ಹೊತ್ತಿಗೆ 200 ಮಿಲಿಗ್ರಾಂ ಕಬ್ಬಿಣದ ಇಂಜೆಕ್ಷನ್ ತಪ್ಪಿಸಬೇಡಿ.

ಹಾಲೂಡುವ ತಾಯಿಗೆ ಮೇವಿನಲ್ಲಿ ಕೈ ಬಿಗಿ ಮಾಡಬಾರದು. ನೀರಂತೂ ದಿನಕ್ಕೆ 20 ಲೀಟರ್‌ಗೂ ಜಾಸ್ತಿ ಬೇಕು. ಮೈ ಇಳಿಯದಿದ್ದರೆ, ಮರಿಗಳಿಗೆ ಹಾಲು ಬಿಡಿಸಿದ ನಾಲ್ಕರಿಂದ ಏಳು ದಿನಕ್ಕೆ ತಾಯಿ ಮತ್ತೆ ಬೆದೆಗೆ ಬರುತ್ತದೆ.

ಬೆದೆ ಗುರುತಿಸುವಲ್ಲಿ ಆತುರ ಜಾಸ್ತಿ. ಯೋನಿ ಕೆಂಪಾಗಿ ಊದಿದ್ದು ಕಂಡ ಕೂಡಲೇ ಗಂಡಿನ ಹತ್ತಿರ ಬಿಡುತ್ತಾರೆ. ಅದಿನ್ನೂ ಬೇಗವಾಯಿತು. ಬೆನ್ನಿನ ಮೇಲೆ ಕೈಯೂರಿ ಒತ್ತಿ ನೋಡಿ. ಅಲ್ಲಾಡದೆ, ಕಿವಿ ನಿಮಿರಿಸಿ ನಿಂತರೆ ಹದಕ್ಕೆ ಬಂದಿದೆ. ಬೆಳಿಗ್ಗೆ ಹಾಗೆ ನಿಂತರೆ ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಕೂಡಿಸಿ. 21 ದಿನಕ್ಕೆ ಮತ್ತೆ ಬೆದೆ ಬಂತಾ ಅಂತ ತಪ್ಪದೆ ನೋಡಿ. ಬರದಿದ್ದರೆ ಗಬ್ಬ ನಿಂತಿರುವ ಸಾಧ್ಯತೆ ಹೆಚ್ಚು, ಕೂಡಿಸಿದ ದಿನದಿಂದ 114 ದಿನ ಲೆಕ್ಕ ಹಾಕಿ, ಮರಿ ಹಾಕುವ ದಿನವನ್ನು ಗೋಡೆಗೆ ಬರೆದಿಡಿ. ಹಲವು ಹೆಣ್ಣುಗಳು ಒಟ್ಟಿಗೇ ತಿರುಗಿ ಬೆದೆಗೆ ಬಂದರೆ ಗಂಡು ಹಂದಿಯನ್ನೂ ಪರೀಕ್ಷೆ ಮಾಡಿಸಿ. ಬಿಸಿಲ ಝಳಕ್ಕೆ ಕೆಟ್ಟ ವೀರ್ಯ ಸರಿಹೋಗಲು ಐದಾರು ವಾರ ಬೇಕು.