ಚಂಡಮಾರುತದ್ದು ಎಲ್ಲ ಗೊತ್ತು, ಮನೆಯ ವಲಯ ಗೊತ್ತಿಲ್ಲ

2022ರ ಸೆಪ್ಟೆಂಬರ್ ಕೊನೆಯ ವಾರ. ಇಯಾನ್ ಚಂಡಮಾರುತ ಇನ್ನೂ ಕ್ಯೂಬಾ ದಾಟಿರಲಿಲ್ಲ, ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯ ಸುತ್ತಲಿನವರಿಗೆ ಆಗಲೇ ನಿದ್ದೆ ಹಾರಿಹೋಗಿತ್ತು. ನನ್ನ ಕ್ಲಿನಿಕ್‌ಗೆ ಬಂದ ಅರವತ್ತು ದಾಟಿದ ಹೆಂಗಸೊಬ್ಬರು ಮೂರು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ. ಎದೆ ಡವಡವ, ಬೆರಳುಗಳಲ್ಲಿ ನಡುಕ, ಮಾತಿನ ಮಧ್ಯೆಯೂ ಕಣ್ಣು ಫೋನಿನ ಮೇಲೆ. ಗಾಳಿಯ ವೇಗ ಎಷ್ಟು, ಕೇಂದ್ರದ ಒತ್ತಡ ಎಷ್ಟು ಇಳಿಯಿತು, ಯಾವ ಕಂಪ್ಯೂಟರ್ ಮಾದರಿಯ ಗೆರೆ ಎತ್ತ ಬಾಗಿತು, ಎಲ್ಲ ಬಾಯಿಪಾಠ.

"ನಿಮ್ಮ ಮನೆ ಯಾವ ಸ್ಥಳಾಂತರ ವಲಯದಲ್ಲಿದೆ?" ಎಂದು ಕೇಳಿದೆ.

ಸುಮ್ಮನಾದರು. "ಅದು ಗೊತ್ತಿಲ್ಲ ಡಾಕ್ಟ್ರೇ."

ಫ್ಲಾರಿಡಾ ಕರಾವಳಿಯ ಮನೆಗಳಿಗೆ ಎ, ಬಿ, ಸಿ ಎಂದು ವಲಯಗಳಿವೆ. ಸಮುದ್ರ ಉಕ್ಕಿದರೆ ಮೊದಲು ಮುಳುಗುವುದು ಎ. ವಿಳಾಸ ಹಾಕಿ ನೋಡಿದೆವು, ಅರ್ಧ ನಿಮಿಷದ ಕೆಲಸ. ಅವರ ಮನೆ ಎ ವಲಯದ್ದೇ. ಮೂರು ದಿನ ಹಗಲೂ ರಾತ್ರಿ ಸುದ್ದಿ ನೋಡಿದವರಿಗೆ ತಿಳಿಯಬೇಕಾದ ಒಂದೇ ಒಂದು ಅಕ್ಷರ ತಿಳಿದಿರಲಿಲ್ಲ.

ಟೀವಿಯವರು ಹೆದರಿಸುತ್ತಾರೆ ಎಂಬ ದೂರು ಎಲ್ಲರದ್ದೂ. ನನ್ನ ದೂರು ಬೇರೆ. ಹೆದರಿಕೆ ಕೆಟ್ಟದ್ದಲ್ಲ, ಎ ವಲಯದಲ್ಲಿರುವವರು ಹೆದರಲೇಬೇಕು. ಆದರೆ ಆ ಹೆದರಿಕೆಯನ್ನು ಗಾಳಿಯ ಕಡೆಗೆ, 'ಕೆಟಗರಿ'ಯ ಕಡೆಗೆ, ಚಂಡಮಾರುತದ ದಾರಿ ತೋರಿಸುವ ನಕ್ಷೆಯ ನಡುಗೆರೆಯ ಕಡೆಗೆ ತಿರುಗಿಸಿಬಿಡುತ್ತಾರೆ. 1ರಿಂದ 5ರವರೆಗಿನ ಆ ಅಂಕಿ ಗಾಳಿಯ ವೇಗವನ್ನಷ್ಟೇ ಹೇಳುತ್ತದೆ. ಅಮೆರಿಕದಲ್ಲಿ ಹರಿಕೇನ್‌ಗೆ ನೇರವಾಗಿ ಬಲಿಯಾಗುವವರಲ್ಲಿ ಬಹುಪಾಲು ಜನರನ್ನು ಕೊಲ್ಲುವುದು ನೀರು: ಉಕ್ಕಿ ಬರುವ ಸಮುದ್ರ, ಬಿಡದೆ ಸುರಿಯುವ ಮಳೆ. 2018ರಲ್ಲಿ ಫ್ಲಾರೆನ್ಸ್ ದಡ ಮುಟ್ಟುವ ಹೊತ್ತಿಗೆ ಕೆಟಗರಿ 1ಕ್ಕೆ ಇಳಿದಿತ್ತು. ಅಂಕಿ ಇಳಿಯಿತೆಂದು ನಿಟ್ಟುಸಿರು ಬಿಟ್ಟವರ ಮೇಲೆ, ಉತ್ತರ ಕ್ಯಾರೊಲಿನಾದ ಕೆಲವೆಡೆ 30 ಅಂಗುಲಕ್ಕೂ ಹೆಚ್ಚು ಮಳೆ ಸುರಿಯಿತು.

ಟೀವಿಯಲ್ಲಿ ಚಂಡಮಾರುತದ ಮುಂದೆ ಚಾಚಿಕೊಂಡಿರುವ ಆ ಬಿಳಿ ಶಂಕುವಿನ ನಕ್ಷೆಯೂ ಹಾಗೆಯೇ. ಶಂಕುವಿನ ಒಳಗಿದ್ದರೆ ಅಪಾಯ, ಹೊರಗಿದ್ದರೆ ಪಾರು ಎಂದೇ ಹೆಚ್ಚಿನವರು ಓದುತ್ತಾರೆ. ಅದು ಚಂಡಮಾರುತದ ಗಾತ್ರವಲ್ಲ, ಅದರ ಕೇಂದ್ರ ಎಲ್ಲಿ ಸಾಗಬಹುದೆಂಬ ಅಂದಾಜು. ಹಿಂದಿನ ಐದು ವರ್ಷಗಳ ಮುನ್ಸೂಚನೆ ಎಷ್ಟು ತಪ್ಪಿತ್ತು ಎಂಬುದರ ಮೇಲೆ ಅದರ ಅಗಲ ನಿಂತಿದೆ. ಮೂರರಲ್ಲಿ ಎರಡು ಸಲ ಕೇಂದ್ರ ಶಂಕುವಿನೊಳಗೇ ಇರುತ್ತದೆ. ಅಂದರೆ ಮೂರರಲ್ಲಿ ಒಂದು ಸಲ ಹೊರಗೆ!

ಇನ್ನು 'ಇದೀಗ ಬಂದ ಸುದ್ದಿ'. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ಪೂರ್ಣ ಮುನ್ಸೂಚನೆ ಕೊಡುವುದು ಆರು ಗಂಟೆಗೊಮ್ಮೆ: ಬೆಳಿಗ್ಗೆ 5, 11, ಸಂಜೆ 5, ರಾತ್ರಿ 11. ಕರಾವಳಿಗೆ ಎಚ್ಚರಿಕೆ ಜಾರಿಯಾದ ಮೇಲೆ ನಡುವೆ ಇನ್ನೊಂದು ಚಿಕ್ಕ ಮಾಹಿತಿ. ಮಿಕ್ಕ ಹೊತ್ತನ್ನೆಲ್ಲ ತುಂಬುವುದು ಅದೇ ಉಪಗ್ರಹ ಚಿತ್ರ, ಗಾಳಿಗೆ ಮೈಯೊಡ್ಡಿ ನಿಂತ ಅದೇ ವರದಿಗಾರ. ಮನಸ್ಸಿಗೆ ಇದು ಪುನರಾವರ್ತನೆ ಅನ್ನಿಸುವುದಿಲ್ಲ, ಪ್ರತಿ ಸಲವೂ ಹೊಸ ಅಪಾಯ ಬಂದಂತೆಯೇ ದೇಹ ಸೆಟೆದುಕೊಳ್ಳುತ್ತದೆ. 2017ರಲ್ಲಿ ಇರ್ಮಾ ಬರುವ ಮುನ್ನ ಮತ್ತು ಹೋದ ಮೇಲೆ ಅರ್ವೈನ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಫ್ಲಾರಿಡಾದ ಜನರನ್ನು ಮಾತಾಡಿಸಿದ್ದರು. ಮೊದಲೇ ಹೆಚ್ಚು ಹೊತ್ತು ಸುದ್ದಿ ನೋಡಿದವರಲ್ಲಿ ಆಮೇಲಿನ ಮಾನಸಿಕ ತೊಂದರೆಯೂ ಹೆಚ್ಚೇ ಕಂಡಿತ್ತು.

ದಿಕ್ಕು ತಪ್ಪಿದ ಭಯ ಜೀವವನ್ನೂ ತೆಗೆಯುತ್ತದೆ. 2005ರಲ್ಲಿ ಕಟ್ರಿನಾ ಆಗಿ ಒಂದು ತಿಂಗಳೂ ತುಂಬಿರಲಿಲ್ಲ, ರೀಟಾ ಬಂತು. ಹ್ಯೂಸ್ಟನ್ ಸುತ್ತಮುತ್ತಲಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೇ ರಸ್ತೆಗಿಳಿದರು, ಹೋಗಬೇಕಿಲ್ಲದವರೂ ಸೇರಿ. ಟೆಕ್ಸಾಸ್‌ನಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಚಂಡಮಾರುತವಲ್ಲ, ಆ ದಾರಿಯ ಬಿಸಿಲು ಮತ್ತು ಅಪಘಾತ. ವೃದ್ಧರನ್ನು ಸಾಗಿಸುತ್ತಿದ್ದ ಒಂದೇ ಬಸ್ಸಿಗೆ ಬೆಂಕಿ ಬಿದ್ದು 23 ಮಂದಿ ಹೋದರು.

ಹಾಗಾಗಿ ನಾನು ಬರೆದುಕೊಡುವ ಚೀಟಿ ಚಿಕ್ಕದು. ವಲಯದ ಅಕ್ಷರ. ಹೋಗಬೇಕಾಗಿ ಬಂದರೆ ಯಾರ ಮನೆಗೆ. ದಿನಕ್ಕೆ ನಾಲ್ಕು ಸಲ ಹರಿಕೇನ್ ಕೇಂದ್ರದ ಮಾಹಿತಿಯನ್ನು ಓದುವುದು, ಉಳಿದ ಹೊತ್ತು ಟೀವಿ ಬಂದ್. ಇಲ್ಲಿನ ರಕ್ಷಣಾ ಸಿಬ್ಬಂದಿ ಯಾವಾಗಲೂ ಹೇಳುವ ಮಾತನ್ನೂ ಕೆಳಗೆ ಬರೆಯುತ್ತೇನೆ: ಗಾಳಿ ಬಂದರೆ ಅವಿತುಕೋ, ನೀರು ಬಂದರೆ ಓಡು.

ಆ ಸಲ ಆ ಹೆಂಗಸು ಮನೆ ಬಿಟ್ಟು ಹೊರಟರು. ಇಯಾನ್ ಸೆಪ್ಟೆಂಬರ್ 28ರಂದು ದಕ್ಷಿಣಕ್ಕೆ ಸರಿದು ಫೋರ್ಟ್ ಮೈಯರ್ಸ್ ಬಳಿ ದಡ ಸೇರಿತು. ಟ್ಯಾಂಪಾ ಕೊಲ್ಲಿಯ ನೀರು ಉಕ್ಕುವ ಬದಲು ಹಿಂದೆ ಸರಿದು ತಳ ಕಂಡಿತು. ಮುಂದಿನ ಭೇಟಿಯಲ್ಲಿ ಅವರ ಮುಖದಲ್ಲಿ ಭಯವಿರಲಿಲ್ಲ, ಸಿಟ್ಟಿತ್ತು. "ಸುಮ್ಮನೆ ಓಡಿಸಿದರು. ಇನ್ನು ಮೇಲೆ ಕದಲಲ್ಲ." ನನಗೆ ನಡುಕದ ಕೈಗಳಿಗಿಂತ ಈ ಮಾತೇ ಹೆಚ್ಚು ಚಿಂತೆ ತಂದದ್ದು. ನಕ್ಷೆಯ ನಡುಗೆರೆಯನ್ನು ನಂಬಿ ಓಡಿದವರು, ಗೆರೆ ದೂರವಿದೆಯೆಂದು ಮುಂದಿನ ಸಲ ಮನೆಯಲ್ಲೇ ಉಳಿದುಬಿಡುತ್ತಾರೆ. ಎರಡು ವರ್ಷ, ಪ್ರತಿ ಜೂನ್‌ನಲ್ಲಿ ಚಂಡಮಾರುತದ ಋತು ಶುರುವಾಗುವಾಗ, ಅದೇ ಚೀಟಿಯನ್ನು ಮತ್ತೆ ಬರೆದುಕೊಟ್ಟೆ.

2024ರ ಸೆಪ್ಟೆಂಬರ್ 26ರಂದು ಹೆಲೀನ್ ಬಂತು. ಅದರ ಕೇಂದ್ರ ನಮ್ಮಿಂದ ನೂರು ಮೈಲಿಗೂ ಆಚೆ, ಮೆಕ್ಸಿಕೊ ಕೊಲ್ಲಿಯಲ್ಲೇ ಉತ್ತರಕ್ಕೆ ಹಾದುಹೋಯಿತು. ಆದರೂ ಟ್ಯಾಂಪಾ ಕೊಲ್ಲಿ ದಶಕಗಳಿಂದ ಕಾಣದಷ್ಟು ಉಕ್ಕಿತು. ಎ ವಲಯ ತೆರವಾಗಬೇಕೆಂಬ ಆದೇಶ ಬಂದ ದಿನವೇ ಅವರು ಮಾತ್ರೆಗಳನ್ನೂ ಬೆಕ್ಕನ್ನೂ ಹಿಡಿದು ಒಳನಾಡಿನ ತಂಗಿಯ ಮನೆ ಸೇರಿದ್ದರು.

ಆಮೇಲೆ ಬಂದಾಗ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಅವರ ಮಲಗುವ ಕೋಣೆಯ ಗೋಡೆ. ಹಾಸಿಗೆಗಿಂತ ಒಂದು ಗೇಣು ಮೇಲೆ, ಈ ಮೂಲೆಯಿಂದ ಆ ಮೂಲೆಗೆ, ಕಂದು ಬಣ್ಣದ ನೇರ ಗೆರೆ.